ತಾಯಿತದ ಹತ್ತಿ

ನಮ್ಮ ಊರಿನಲ್ಲಿ ಬೆಂಕಿಯನ್ನು ನಂಬಿ ಯಾರೂ ಹಿಟ್ಟು ಕಲಸುವುದಿಲ್ಲ. ಮೊದಲು ಒಲೆ ಹೊತ್ತಿಸಬೇಕು, ಉರಿಯ ಮೇಲೆ ಒಂದು ಎಸಳು ಹತ್ತಿ ಹಿಡಿಯಬೇಕು. ಹತ್ತಿ ಸುಟ್ಟರೆ ಸರಿ, ರೊಟ್ಟಿ ತಟ್ಟು. ಸುಡದೆ ಬೆಳ್ಳಗೆ ಹಾಗೇ ಉಳಿದರೆ ಇವತ್ತು ಬೆಂಕಿಗೆ ಮನಸ್ಸಿಲ್ಲ ಎಂದುಕೊಂಡು ಅವಲಕ್ಕಿಯೋ ನಿನ್ನೆಯ ಕಟಕು ರೊಟ್ಟಿಯೋ ಮುಂದಿಟ್ಟುಕೊಂಡು ಕೂರಬೇಕು. ಅಂಥ ದಿನ ಉರಿ ಕಾಣುತ್ತದೆ, ಬೆಳಕೂ ಕೊಡುತ್ತದೆ, ಕಟ್ಟಿಗೆ ಮಾತ್ರ ಸವೆಯುವುದಿಲ್ಲ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಹೆದರಿ ಅಳುತ್ತಾರೆ. ನಾನೂ ಅತ್ತವಳೇ. ವರ್ಷ ತುಂಬುವುದರೊಳಗೆ, ಬೆಂಕಿ ಸುಡದ ದಿನ ಕೆಲಸ ಕಡಿಮೆ ಎಂದು ಒಳಗೊಳಗೇ ಖುಷಿಪಡುವುದನ್ನೂ ಕಲಿತೆ.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜುವುದು, ಗಾದಿ ತುಂಬುವುದು, ದಿಂಬು ಹೊಲಿಯುವುದು ನಮ್ಮ ಕಸುಬು. ಅದರ ಜೊತೆಗೆ ಊರಿನ ಒಲೆಗಳಿಗೆಲ್ಲ ಬೆಳಗಿನ ಹತ್ತಿ ಕೊಡುವುದೂ ನಮ್ಮ ಮನೆಗೇ ಬಂದ ಕೆಲಸ. ನಸುಕಿನಲ್ಲಿ ಹೆಂಗಸರು ಬಾಗಿಲಿಗೆ ಬರುತ್ತಾರೆ, ಹಿಂಜಿದ ಹತ್ತಿಯಿಂದ ಒಂದೊಂದು ಎಸಳು ಕಿತ್ತು ಕೊಡುತ್ತೇವೆ, ಒಯ್ಯುತ್ತಾರೆ. ಆ ಹೊತ್ತಿಗೆ ಊರಿನ ಸುದ್ದಿಯೆಲ್ಲ ನಮ್ಮ ಕಟ್ಟೆಯ ಮೇಲೆ ಬಿದ್ದಿರುತ್ತದೆ. ಯಾರು ಏನೇ ಅನ್ನಲಿ, ಈ ಊರು ನಿಂತಿದ್ದು ನಮ್ಮ ಹತ್ತಿಯ ಮೇಲೆ.

ತವರಿನಿಂದ ನಾನು ಎರಡು ಗಾದೆ ತಂದಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವುದೊಂದು, ಮಾಡಿದ್ದುಣ್ಣೋ ಮಹಾರಾಯ ಅನ್ನುವುದೊಂದು. ಇಲ್ಲಿ ಆಡಿದರೆ ಜನ ನನ್ನ ಮುಖ ನೋಡಿ ನಗುತ್ತಿದ್ದರು. ಉಪ್ಪು ತಿಂದ ಮೇಲೆ ನೀರಡಿಕೆ ಬಂದರೂ ಬಂತು, ಬರದಿದ್ದರೂ ಇಲ್ಲ, ಅದಕ್ಕೂ ಇದಕ್ಕೂ ಏನು ಗಂಟು ಎಂದು ಕೇಳುತ್ತಿದ್ದರು. ಊರಿನ ನಂಬಿಕೆಯೇ ಅದು. ಬೆಂಕಿ ಬರುತ್ತದೆ, ಅದರ ಹಿಂದೆ ಸುಡುವುದೂ ಬರುತ್ತದೆ. ಎರಡನ್ನೂ ಕಳಿಸುವವನು ಮೇಲಿನವನು. ಒಂದನ್ನು ಕಳಿಸಿ ಇನ್ನೊಂದನ್ನು ತಡೆಹಿಡಿದರೆ ಕೇಳುವವರು ಯಾರು?

ಕೇಳುವವರು ಒಬ್ಬರಿದ್ದರು, ಹಕೀಮ ಬುಡನಸಾಬರು. ನಾಡಿ ನೋಡಿ ಔಷಧಿ ಕೊಡುವವರು. ಶುಕ್ರವಾರದ ನಮಾಜು ಮುಗಿದ ಮೇಲೆ ಮಸೂತಿಯ ಕಟ್ಟೆಗೆ ಅವರೂ ಖಾಜಿ ಅಜ್ಜಾರೂ ಎದುರುಬದುರಾಗಿ ಕೂರುತ್ತಿದ್ದರು. ಖಾಜಿ ಅಜ್ಜಾರೆಂದರೆ ಊರಿಗೆಲ್ಲ ಹಿರಿಯರು, ಬಿಳಿಗಡ್ಡದ, ಮೆತ್ತಗಿನ ಮಾತಿನ ಮನುಷ್ಯ. ಜಗತ್ತಿಗೆ ಒಂದು ಮೊದಲು ಅಂತ ಇದೆಯೋ, ಯಾವಾಗಲೂ ಇತ್ತೋ? ಬೆಂಕಿಗೆ ಸುಡುವ ಗುಣ ತನ್ನದೋ, ಪ್ರತಿ ಸಲವೂ ಮೇಲಿನಿಂದ ಅಪ್ಪಣೆ ಬರಬೇಕೋ? ಮೇಲಿನವನಿಗೆ ಒಬ್ಬೊಬ್ಬರ ಹೆಸರೂ ಗೊತ್ತೋ, ಮನುಷ್ಯಜಾತಿ ಎಂದಷ್ಟೇ ಗೊತ್ತೋ? ಸತ್ತವರು ಕಡೆಯ ದಿನ ಮೈ ಸಮೇತ ಏಳುತ್ತಾರೋ, ಬರೀ ಜೀವವೋ? ಇಬ್ಬರೂ ಓದಿದವರು, ಇಬ್ಬರೂ ಬಿಡುವವರಲ್ಲ. ಗಂಡಸರು ಸುತ್ತ ಕೂತು ಕುಸ್ತಿ ನೋಡಿದ ಹಾಗೆ ನೋಡುತ್ತಿದ್ದರು. ಮನೆಗೆ ಬಂದು ಇವತ್ತು ಹಕೀಮರು ಕೆಳಗೆ ಬಿದ್ದರು, ಅಜ್ಜಾರು ಮೇಲೆ ಎಂದು ಹೇಳುತ್ತಿದ್ದರು. ನಮಗೆ ಅದು ಮಜಾ, ಅಷ್ಟೇ. ಅದರಲ್ಲಿ ನಮ್ಮ ಮನೆಯ ಕೂಸಿನ ಮಾತು ಇದೆ ಎಂದು ಯಾರಿಗೆ ಗೊತ್ತಿತ್ತು?

ಊರಿನಲ್ಲಿ ಇನ್ನೊಂದು ಪದ್ಧತಿಯಿದೆ, ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಒಬ್ಬರ ಕೈಯಿಂದ ಕೆಡುಕಾದರೆ ಇಲ್ಲಿ ಜೈಲಿಲ್ಲ, ಸೇಡಿಲ್ಲ, ಬಿಡುಗಡೆಯಿದೆ. ಯಾರ ಕೈಯಿಂದ ಆಯಿತೋ ಅವರು ಮಸೂತಿಯ ಅಂಗಳದಲ್ಲಿ ಎಲ್ಲರ ಎದುರು ದೀಪದ ಮುಂದೆ ಕೂತು ಹತ್ತಿಯ ಎಸಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ತರಬೇಕು. ನೀರಲ್ಲಿ ಮುಳುಗಿ ಸತ್ತಿರಲಿ, ಚಾಕು ತಾಗಿ ಸತ್ತಿರಲಿ, ಪರೀಕ್ಷೆ ಮಾತ್ರ ಹತ್ತಿಯದೇ. ಹತ್ತು ಸುಡಬಹುದು, ನೂರು ಸುಡಬಹುದು. ಒಂದು ಸುಡದೆ ಉಳಿಯುವ ತನಕ ಊರು ಕಾಯುತ್ತದೆ, ಒಮ್ಮೊಮ್ಮೆ ದಿನಗಟ್ಟಲೆ. ಉಳಿದ ಗಳಿಗೆಗೆ ಖಾಜಿ ಅಜ್ಜಾರು ಎದ್ದು, "ನೋಡ್ರಿ, ಯಾವುದಕ್ಕೂ ಯಾವುದೂ ಗಂಟು ಬಿದ್ದಿಲ್ಲ. ಈ ಕೈ ಏನೂ ಮಾಡಿಲ್ಲ" ಎನ್ನುತ್ತಾರೆ. ಆ ಸುಡದ ಎಸಳನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುತ್ತಾರೆ. ಅಲ್ಲಿಗೆ ಮುಗಿಯಿತು. ಬಿಡುಗಡೆಯಾದವರು ಆ ಸತ್ತವರ ಹೆಸರು ಹಿಡಿದು ಅಳಬಾರದು, ಅತ್ತರೆ ಗಂಟು ಮತ್ತೆ ಬಿದ್ದಂತೆ. ನಮ್ಮೂರಲ್ಲಿ ಬೆಳೆದ ಮನುಷ್ಯನ ಕೊರಳು ನೋಡಿ, ಅರ್ಧಕ್ಕರ್ಧ ಜನರಿಗೆ ತಾಯಿತ ಇದೆ. ಹಕೀಮರಿಗೆ ಇರಲಿಲ್ಲ. ಅವರ ಔಷಧಿ ಕುಡಿದು ಸತ್ತವರೂ ಇದ್ದರು, ಆದರೆ ಅವರು ದೀಪದ ಮುಂದೆ ಕೂರಲು ಒಪ್ಪಲೇ ಇಲ್ಲ. ಅದಕ್ಕೇ ಜನ ಅವರ ಬಳಿ ಔಷಧಿಗೆ ಹೋಗುತ್ತಿದ್ದರು, ಮದುವೆಗೆ ಕರೆಯುತ್ತಿರಲಿಲ್ಲ.

ದಾವಲಬಿ ನನ್ನ ನೆಗೆಣ್ಣಿ, ಮೈದುನ ನಬಿಸಾಬನ ಹೆಂಡತಿ. ಮಾತು ಕಡಿಮೆ, ಕೈ ಮಾತ್ರ ಬಂಗಾರ. ಕಣ್ಣು ಮುಚ್ಚಿ ಒಂದು ಚಿಟಿಕೆ ಹತ್ತಿ ಮುಟ್ಟಿದರೆ ಅದು ಯಾವ ಹೊಲದ್ದು, ತೇವ ಎಷ್ಟಿದೆ, ಹಿಂಜಿದವರು ಯಾರು ಎಂದು ಹೇಳುತ್ತಿದ್ದಳು. ಅವಳ ಮಗಳು ಜೈತುನ. ಬಹಳ ವರ್ಷ ಹರಕೆ ಹೊತ್ತ ಮೇಲೆ ಹುಟ್ಟಿದ ಕೂಸು. ದಾವಲಬಿ ಅದನ್ನು ಕೆಳಗೆ ಇಳಿಸಿದ್ದೇ ಕಡಿಮೆ. ಬಿಲ್ಲು ಹಿಡಿದು ಹತ್ತಿ ಹಿಂಜುವಾಗ ಹತ್ತಿರದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಹಾರುವ ಹತ್ತಿಯ ನೊರೆ ಕೂಸಿನ ತಲೆಯ ಮೇಲೆ ಕೂತು, ಸಣ್ಣ ಮುದುಕಿಯ ಹಾಗೆ ಕಾಣುತ್ತಿತ್ತು. ನಾವು ಮುದುಕೀ ಎಂದು ಕರೆದರೆ ಸಿಟ್ಟು ಮಾಡುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಬೆಂಕಿ ಬಹಳ ದಿನ ಸುಡಲಿಲ್ಲ. ಅಂಥ ದಿನಗಳಲ್ಲಿ ಊರಿನ ಮಕ್ಕಳಿಗೆ ಕೆಂಡವೇ ಆಟಿಕೆ. ತಾಯಂದಿರೇ ಒಲೆಯಿಂದ ಆರಿಸಿ ಕೊಡುತ್ತಾರೆ. ಕೆಂಪಗೆ ಮಿನುಗುತ್ತದೆ, ಕೈಯಲ್ಲಿ ಹಿಡಿದರೆ ತಣ್ಣಗಿರುತ್ತದೆ, ಅದರಷ್ಟು ಚಂದದ ಆಟಿಕೆ ಬೇರೆ ಯಾವುದಿದೆ? ನನ್ನ ಮಕ್ಕಳೂ ಆಡಿ ಬೆಳೆದಿವೆ. ಆ ದಿನ ಬೆಳಗ್ಗೆ ದಾವಲಬಿ ಹತ್ತಿ ಹಿಡಿದು ನೋಡಿದ್ದಳು, ನಾನೂ ಪಕ್ಕದಲ್ಲಿದ್ದೆ, ಬೆಳ್ಳಗೆ ಉಳಿಯಿತು. ಮಧ್ಯಾಹ್ನ ಕೋಣೆಯಲ್ಲಿ ಹತ್ತಿ ಹಿಂಜುತ್ತಿದ್ದಾಗ ಜೈತುನ ರಗಳೆ ಮಾಡಿತು. ಕೆಲಸ ಅವಸರದ್ದಿತ್ತು. ದಾವಲಬಿ ಒಂದು ಕೆಂಡ ತಂದು ಅದರ ಅಂಗೈಯಲ್ಲಿಟ್ಟು, ಹಿಂಜಿದ ಹತ್ತಿಯ ರಾಶಿಯ ಮೇಲೆ ಕೂರಿಸಿದಳು. ನೀರು ಕುಡಿಯಲೆಂದು ಪಡಸಾಲೆಗೆ ಬಂದಳು.

ಬೆಂಕಿಗೆ ಮನಸ್ಸು ತಿರುಗಿದ್ದು ಆಗಲೇ.

ಅದನ್ನು ನಾನು ಹೆಚ್ಚು ಹೇಳುವುದಿಲ್ಲ. ಹಿಂಜಿದ ಹತ್ತಿಗೆ ಉರಿ ಹತ್ತಿದರೆ ಕೂಗಿಕೊಳ್ಳಲೂ ಹೊತ್ತು ಸಿಗುವುದಿಲ್ಲ. ದಾವಲಬಿಯನ್ನು ಬಾಗಿಲಲ್ಲಿ ಹಿಡಿದು ಎಳೆದವಳು ನಾನು. ಅವಳ ಎರಡೂ ಕೈ ಸುಟ್ಟಿದ್ದವು. ಮಣ್ಣು ಮಾಡಲು ಒಯ್ದಾಗ ಗಂಟು ಎಷ್ಟು ಸಣ್ಣದಿತ್ತೆಂದರೆ, ನಬಿಸಾಬ ಒಂದೇ ತೋಳಿನಲ್ಲಿ ಎತ್ತಿಕೊಂಡು ಹೋದ.

ಮೂರನೆಯ ದಿನದ ಫಾತಿಹಾ ಮುಗಿಸಿ ಖಾಜಿ ಅಜ್ಜಾರು ಮನೆಯೊಳಗೆ ಬಂದು ಅವಳ ಎದುರು ಕೂತರು. "ಯವ್ವಾ, ಕೆಂಡ ಇತ್ತು. ಸುಡೂದು ಬಂತು. ಎರಡೂ ಕಳಿಸಿದಾವ ಮ್ಯಾಲಿನಾವ. ಕೆಂಡಕ್ಕ ಸುಡೋ ಶಕ್ತಿ ಇಲ್ಲ, ನಿನ್ನ ಕೈಗೂ ಇಲ್ಲ. ಬಿಡುಗಡಿಗೆ ಕೂಡು, ಹಗುರ ಆಗ್ತಿ" ಎಂದರು.

"ಕೆಂಡ ಕೊಟ್ಟಾಕಿ ನಾನೇ ರೀ" ಎಂದಳು ದಾವಲಬಿ.

"ಕೊಟ್ಟಿ, ಅಷ್ಟೇ. ಕೊಟ್ಟಿದ್ದಕ್ಕೂ ಸುಟ್ಟಿದ್ದಕ್ಕೂ ನಡುವ ಏನೂ ಇಲ್ಲ."

"ಹಾಲೂ ಕೊಟ್ಟಿದ್ದೆ. ಹಾಲು ಕೊಟ್ಟಿದ್ದಕ್ಕೂ ಆಕಿ ಬೆಳದಿದ್ದಕ್ಕೂ ನಡುವ ಏನೂ ಇಲ್ಲೇನ್ರಿ?"

ಅಜ್ಜಾರು ಸುಳ್ಳು ಹೇಳುವವರಲ್ಲ. ಗಡ್ಡ ನೇವರಿಸಿಕೊಂಡು, "ಇಲ್ಲ ತಂಗಿ. ಬೆಳಸಿದಾವ ಅವ" ಎಂದರು.

"ಹಂಗಾದ್ರ ನಾ ಆಕಿಗೆ ಯಾರು?"

ಅಜ್ಜಾರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಒಂದು ದಿನ ಆಕಿ ಎದ್ದು ಬರ್ತಾಳವ್ವ. ಇದೇ ಕೈ, ಇದೇ ಕಾಲು, ಒಂದು ಕೂದಲೆಳಿ ಸುದ್ದಾ ತಪ್ಪೂದಿಲ್ಲ. ಆಕಿ ಹೆಸರು ಹಿಡದು ಕರೀತಾನ" ಎಂದರು. ದಾವಲಬಿ ತಲೆಯೆತ್ತಿ ನೋಡಿದಳು. ಆ ಮಾತು ಅವಳಿಗೆ ಬೇಕಿತ್ತು. ಆದರೆ ಬಿಡುಗಡೆಗೆ ಮಾತ್ರ ಒಪ್ಪಲಿಲ್ಲ.

ಅವಳು ಒಪ್ಪದಿದ್ದರೆ ಮನೆ ನಡೆಯುವುದು ಹೇಗೆ? ಬಿಡುಗಡೆಯಾಗದ ಕೈ ಇರುವ ಮನೆಯ ಹತ್ತಿ ಯಾರಿಗೂ ಬೇಡ. ನಸುಕಿನಲ್ಲಿ ಬಾಗಿಲಿಗೆ ಬರುವ ಹೆಂಗಸರು ನಿಂತುಹೋದರು. ತಮ್ಮ ತಮ್ಮ ಹಳೇ ದಿಂಬು ಬಿಚ್ಚಿ ಒಲೆಗೆ ಹತ್ತಿ ಹಿಡಿದರು. ಬಿಲ್ಲು ಗೋಡೆಗೆ ತೂಗಿತು. ಅದೂ ಹೋಗಲಿ, ನಬಿಸಾಬ ಹೆಂಡತಿಯ ಕಡೆ ನೋಡುವುದನ್ನೇ ಬಿಟ್ಟ. ಒಂದು ದಿನ ನನ್ನೆದುರೇ ಅವಳಿಗೆ ಹೇಳಿದ, "ಬಿಡಿಸ್ಕೋ. ಅದು ನಿನ್ನ ಕೈಯಿಂದ ಆಗಿದ್ದು ಅಂತ ಇಟ್ಕೊಂಡ್ರ ನಾ ನಿನ್ನ ಜೋಡಿ ಹ್ಯಾಂಗ ಉಣ್ಣಲಿ? ನಿನ್ನ ಬಿಟ್ಟೂ ನನಗ ಇರಾಕ ಆಗೂದಿಲ್ಲ." ಗಂಡಸು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಒಪ್ಪಿಕೊಳ್ಳಬಾರದೇ ಇವಳು ಎಂದು ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ?

ಅವಳ ಸುಟ್ಟ ಕೈಗೆ ಎಣ್ಣೆ ಹಚ್ಚಲು ಹಕೀಮರು ಬರುತ್ತಿದ್ದರು. ಒಂದು ಸಲ ಅವರು ಪಟ್ಟಿ ಬಿಚ್ಚುತ್ತಿದ್ದಾಗ ದಾವಲಬಿ ನೇರ ಕೇಳಿದಳು, "ಬೆಂಕಿ ಸುಡತೈತೋ ಇಲ್ಲೋ, ನೀವು ಹೇಳ್ರಿ."

"ಸುಡ್ತದವ್ವ. ಸುಡೂದು ಅದರ ಗುಣ. ಸುಡದ ದಿನ ನಡುವ ಏನೋ ಅಡ್ಡ ನಿಂತಿರ್ತದ. ನಮ್ಮ ಕಣ್ಣಿಗೆ ಬೀಳೂದಿಲ್ಲ, ಅಷ್ಟೇ."

"ಹಂಗಾದ್ರ ಜೈತುನ ನನ್ನ ಕೈಯಿಂದಾನೇ?"

ಹಕೀಮರು ನನ್ನ ಮುಖ ನೋಡಿದರು. ಬೇಡ ಎಂದು ನಾನು ಕಣ್ಸನ್ನೆ ಮಾಡಿದೆ. ಆ ಮನುಷ್ಯ ಕೇಳಬೇಕಲ್ಲ. "ನಿನ್ನ ಕೈಯಿಂದಾನೇ. ನಿನಗ ಗೊತ್ತಿರಲಿಲ್ಲ, ಅದು ಖರೆ. ಆದ್ರ ಕೈ ನಿಂದೇ" ಎಂದರು.

"ಹಾಲು?"

"ಹಾಲೂ ನಿಂದೇ. ಆಕಿ ಎಲುಬು, ಹಲ್ಲು, ಓಡಾಡಿದ್ದು ಎಲ್ಲಾ ನಿನ್ನ ಹಾಲಿನಿಂದಾನೇ."

ಕೂಸು ಸತ್ತಮೇಲೆ ದಾವಲಬಿ ಅತ್ತದ್ದು ಆವತ್ತೇ ಮೊದಲು. ಬಹಳ ಹೊತ್ತು ಅತ್ತಳು. ಹಕೀಮರು ಪಟ್ಟಿ ಕಟ್ಟಿ ಮುಗಿಸುವ ಹೊತ್ತಿಗೆ ಮೂಗು ಒರೆಸಿಕೊಂಡು, "ಆಕಿ ಎದ್ದು ಬರ್ತಾಳಂತ. ಅಜ್ಜಾರು ಹೇಳ್ಯಾರ" ಎಂದಳು.

"ಜೀವ ಉಳೀತದವ್ವ. ಸುಟ್ಟ ಮೈ ಹೊಳ್ಳಿ ಬರೂದಿಲ್ಲ."

"ಬರೀ ಜೀವಕ್ಕ ಜಡಿ ಹಾಕಾಕ ಬರತೈತೇನ್ರಿ?"

ಹಕೀಮರು ಎಣ್ಣೆಯ ಸೀಸೆ ಚೀಲಕ್ಕೆ ಹಾಕಿದರು. ಅವಳು ಬಿಡಲಿಲ್ಲ. "ಹೋಗ್ಲಿ, ಜೈತುನ ಅನ್ನಾಕಿ ಒಬ್ಬಾಕಿ ಇದ್ಲು ಅಂತ ಮ್ಯಾಲಿನಾವಂಗ ಗೊತ್ತೋ ಇಲ್ಲೋ?"

"ಅವಂಗ ಕೂಸು ಅಂದ್ರೇನು ಗೊತ್ತಿರ್ತದ. ಬೆಂಕಿ ಅಂದ್ರೇನು ಗೊತ್ತಿರ್ತದ. ಕೂಸಿಗೆ ಬೆಂಕಿ ತಾಗಿದ್ರ ಏನಾಗ್ತದ ಅನ್ನೋದೂ ಗೊತ್ತಿರ್ತದ. ಒಂದೊಂದು ಕೂಸಿನ ಹೆಸರು..." ಎಂದು ಅಲ್ಲಿಗೇ ನಿಲ್ಲಿಸಿ, ಚೀಲ ಎತ್ತಿಕೊಂಡು ಹೋದರು.

ನೋಡಿ ಈ ಇಬ್ಬರು ಓದಿದವರು ಮಾಡಿದ ಕೆಲಸ. ಒಬ್ಬರು ಮಗಳನ್ನು ಹೆಸರು ಹಿಡಿದು ಎಬ್ಬಿಸಿ ಕೊಡುತ್ತಾರೆ, ಆದರೆ ನೀನು ತಾಯಿಯಲ್ಲ ಅನ್ನುತ್ತಾರೆ. ಇನ್ನೊಬ್ಬರು ನೀನೇ ತಾಯಿ ಅನ್ನುತ್ತಾರೆ, ಮಗಳನ್ನು ಮಾತ್ರ ಯಾರೂ ಅರಿಯದ ಬೂದಿ ಮಾಡಿಬಿಡುತ್ತಾರೆ. ಅತ್ತ ದರಿ, ಇತ್ತ ಪುಲಿ. ಶುಕ್ರವಾರದ ಕಟ್ಟೆಯ ಮೇಲೆ ಗೆದ್ದವರು ಸೋತವರು ಕೈಕುಲುಕಿ ಮನೆಗೆ ಹೋಗಬಹುದು. ಇವಳು ಎಲ್ಲಿಗೆ ಹೋಗಬೇಕು?

ಕೊನೆಗೆ ಅವಳು ದೀಪದ ಮುಂದೆ ಕೂರಲು ಒಪ್ಪಿದ್ದು ಗಂಡನಿಗಾಗಿ. ಅವನು ಉಣ್ಣುವುದನ್ನು ಬಿಟ್ಟಿದ್ದ. "ಕೂಡ್ತೇನಿ ಅಕ್ಕಾ. ಏನು ಆಗತೈತಿ ನೋಡೂಣು" ಎಂದು ನನಗೆ ಹೇಳಿದಳು. ಕೂರುವ ದಿನ ಬೆಳಗ್ಗೆ ನಬಿಸಾಬ ಗಡ್ಡ ಕೆರೆದ ಮೇಲೆ ಹಚ್ಚಿಕೊಳ್ಳಲು ಪಟಿಕ ಬೇಕೆಂದು ನನ್ನ ಹತ್ತಿರ ಇಸಿದುಕೊಂಡು ಹೋದ. ಗಡ್ಡ ಕೆರೆದುಕೊಳ್ಳದೆಯೇ ಮಸೂತಿಗೆ ಬಂದ. ಆಗ ನನಗೆ ಹೊಳೆಯಲಿಲ್ಲ. ಬಿಡುಗಡೆಗೆ ಹತ್ತಿ ಕೊಡುವುದೂ ನಮ್ಮ ಮನೆಯವರೇ, ಬುಟ್ಟಿ ತುಂಬ ಎಸಳು ಅವನೇ ಹೊತ್ತು ತಂದಿದ್ದ.

ಅಂಗಳ ತುಂಬಿತ್ತು. ಹೆಂಗಸರು ಗೋಡೆಯ ಕಡೆ, ಗಂಡಸರು ಬೇವಿನ ಮರದ ಕಡೆ. ಹಕೀಮರೂ ಬಂದು ಹಿಂದೆ ನಿಂತಿದ್ದರು. ದಾವಲಬಿ ಕೂತು ಒಂದು ಎಸಳು ಎತ್ತಿ ಇಕ್ಕಳಕ್ಕೆ ಸಿಕ್ಕಿಸಿ ಉರಿಯ ಮೇಲೆ ತಂದಳು. ಸುಟ್ಟಿತು. ಇನ್ನೊಂದು, ಅದೂ ಸುಟ್ಟಿತು. ಪ್ರತಿಯೊಂದು ಭಗ್ಗೆಂದಾಗಲೂ ಅವಳು ಏನು ನೋಡುತ್ತಿದ್ದಾಳೆಂದು ಅಲ್ಲಿದ್ದ ತಾಯಂದಿರಿಗೆಲ್ಲ ಗೊತ್ತಿತ್ತು. ಸಾಕು ನಿಲ್ಲಿಸಿರೆಂದು ಯಾರೂ ಅನ್ನಲಿಲ್ಲ. ಬುಟ್ಟಿ ತಳ ಕಾಣುವ ಹೊತ್ತಿಗೆ ನೆರಳು ಬೇವಿನ ಬುಡ ದಾಟಿತ್ತು.

ಆಮೇಲೆ ಅವಳು ಒಂದು ಎಸಳನ್ನು ಎತ್ತಿದವಳು ಕೈ ತಡೆದಳು. ಪಟ್ಟಿಯಿಂದ ಹೊರಗಿದ್ದ ಬೆರಳಲ್ಲಿ ಹೊಸಕಿದಳು. ಗಂಡನ ಕಡೆ ನೋಡಿದಳು. ನಬಿಸಾಬ ನೆಲ ನೋಡುತ್ತಿದ್ದ. ಅವಳು ಅದನ್ನು ಇಕ್ಕಳಕ್ಕೆ ಹಾಕಿ ಉರಿಯ ಮೇಲೆ ತಂದಳು. ಉರಿ ಹತ್ತಲಿಲ್ಲ. ಯಾರೋ ಹೆಂಗಸು ಅತ್ತಳು. ಖಾಜಿ ಅಜ್ಜಾರು ಎದ್ದು ನಿಂತು, "ನೋಡ್ರಿ..." ಎಂದು ಶುರು ಮಾಡಿದರು.

"ಅಜ್ಜಾ, ಅದನ್ನ ಹೇಳೂಕಿಂತ ಮೊದಲು ಇದನ್ನ ಕೈಯಾಗ ಹಿಡದು ನೋಡ್ರಿ" ಎಂದಳು ದಾವಲಬಿ.

ಅಜ್ಜಾರು ಎಸಳನ್ನು ಅಂಗೈಗೆ ತೆಗೆದುಕೊಂಡರು. ನಿಜವಾಗಿ ಸುಡದ ಹತ್ತಿ ಎಷ್ಟು ಮೆತ್ತಗೆ, ಎಷ್ಟು ಬೆಳ್ಳಗೆ ಉಳಿಯುತ್ತದೆಂದು ನಮ್ಮೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಇದು ಬಿರುಸಾಗಿತ್ತು. ಅಂಚು ಚಹಾದ ಬಣ್ಣಕ್ಕೆ ತಿರುಗಿತ್ತು. ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿದರೆ ಹತ್ತಿಗೆ ಉರಿ ಹತ್ತುವುದಿಲ್ಲ, ಪಿಂಜಾರರಿಗೆ ಇದು ಹೊಸದಲ್ಲ.

"ನನ್ನ ಗಂಡ ನನ್ನ ಸಲುವಾಗಿ ಮಾಡ್ಯಾನ್ರಿ. ಅವನಿಗೆ ಏನೂ ಅನಬ್ಯಾಡ್ರಿ. ಇದು ಸುಡಲಿಲ್ಲ, ಯಾಕಂದ್ರ ಅವ ಸುಡದಂಗ ಮಾಡಿದ. ಅವನ ಕೈ ಇದನ್ನ ಮಾಡಿದ್ದು ಖರೆ ಆದ್ರ, ನನ್ನ ಕೈ ಮಾಡಿದ್ದೂ ಖರೆ" ಎಂದಳು. ದನಿ ಏರಿಸಲಿಲ್ಲ. "ನನ್ನ ಮಗಳನ್ನ ಸುಟ್ಟಾಕಿ ನಾನೇ. ಹಾಲು ಕುಡಿಸಿದಾಕಿನೂ ನಾನೇ. ಒಂದನ್ನ ಬಿಡಿಸ್ಕೊಂಡ್ರ ಇನ್ನೊಂದೂ ಹೋಗತೈತಿ. ನನಗ ಬಿಡುಗಡಿ ಬ್ಯಾಡ."

ನಬಿಸಾಬ ಮುಖ ಮುಚ್ಚಿಕೊಂಡು ಕೆಳಗೆ ಕುಸಿದ. ಜನ ಗುಜುಗುಜು ಎನ್ನತೊಡಗಿದರು. ಖಾಜಿ ಅಜ್ಜಾರು ಮೋಸ ಎಂದು ಕೂಗುತ್ತಾರೆ, ನಮ್ಮನ್ನು ಊರು ಬಿಡಿಸುತ್ತಾರೆ ಎಂದು ನಾನು ಎದೆ ಹಿಡಿದುಕೊಂಡಿದ್ದೆ. ಅವರು ಆ ಎಸಳನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನಿಂತಿದ್ದರು. ಉಜ್ಜಿದರು, ಮತ್ತೆ ಉಜ್ಜಿದರು. ಆಮೇಲೆ ಎಡಗೈಯಿಂದ ತಮ್ಮ ಕೊರಳಿನ ತಾಯಿತ ಹಿಡಿದು, ಅದರ ಮುಚ್ಚಳ ತಿರುವತೊಡಗಿದರು.

ಅವರ ಕತೆ ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಹುಡುಗರಾಗಿದ್ದಾಗ ಬಾವಿಯ ಕಟ್ಟೆಯ ಮೇಲೆ ಆಟವಾಡುತ್ತಾ ತಮ್ಮನನ್ನು ನೂಕಿದ್ದರು. ಬಾವಿಗೆ ಬಿದ್ದ ಹುಡುಗ ಮತ್ತೆ ಮೇಲೆ ಬರಲಿಲ್ಲ. ಇದೇ ಅಂಗಳದಲ್ಲಿ ಬಿಡುಗಡೆಯಾಗಿತ್ತು. ಆವತ್ತಿನ ಹತ್ತಿ ಕೊಟ್ಟವರೂ ನಮ್ಮ ಮನೆಯ ಹಿರಿಯರೇ.

ತಾಯಿತದೊಳಗಿನಿಂದ ಅವರು ಎಸಳನ್ನು ತೆಗೆದು ಇನ್ನೊಂದು ಅಂಗೈಯಲ್ಲಿಟ್ಟರು. ಎರಡೂ ಅಂಗೈ ಪಕ್ಕಪಕ್ಕ ಹಿಡಿದರು. ಹತ್ತಿರವಿದ್ದ ನನಗೆ ಕಾಣಿಸಿತು. ಅದೂ ಬಿರುಸು, ಅದರ ಅಂಚೂ ಚಹಾದ ಬಣ್ಣ.

"ಹಳೇದಾಗಿ ಬಣ್ಣ ತಿರುಗೇತಿ ಅಂತ ತಿಳಕೊಂಡಿದ್ದೆ" ಎಂದರು, ಯಾರಿಗೆ ಅಂತಲ್ಲ. "ನನ್ನ ಬಿಡುಗಡಿಯ ಹಿಂದಿನ ದಿನ ಅವ್ವ ಪಿಂಜಾರರ ಮನಿಗೆ ಹೋಗಿದ್ಲು. ನನ್ನ ಕರಕೊಂಡಾ ಹೋಗಿದ್ಲು. ಹೊರಗ ನಿಲ್ಲಿಸಿ ಒಳಗ ಹೋಗಿ ಅತ್ತಿದ್ಲು. ಯಾಕಂತ ನನಗ ತಿಳೀಲಿಲ್ಲ."

ಹಕೀಮರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಜೀವಮಾನವಿಡೀ ಸೋಲಿಸಬೇಕೆಂದು ಕಾದಿದ್ದ ಎದುರಾಳಿ ಹೀಗೆ ನಿಂತಾಗ ಅವರು ಗೆಲ್ಲುವ ಒಂದು ಮಾತೂ ಆಡಲಿಲ್ಲ. ರಟ್ಟೆ ಹಿಡಿದು ಕೂರಿಸಿದರು. ಅಜ್ಜಾರು ದಾವಲಬಿಯ ಪಕ್ಕದಲ್ಲಿ, ನೆಲದ ಮೇಲೆಯೇ ಕೂತರು. "ಇಸ್ಮಾಲ" ಎಂದರು. ತಮ್ಮನ ಹೆಸರು ಅದು ಎಂದು ನಮ್ಮಲ್ಲಿ ಎಷ್ಟೋ ಜನಕ್ಕೆ ಆವತ್ತೇ ಗೊತ್ತಾದದ್ದು. "ನಾನೇ ನೂಕಿದೆ ತಂಗಿ. ಅವ ನಕ್ಕೋತ ಬಿದ್ದ" ಎಂದರು. ಆಮೇಲೆ ಅವರು ಅತ್ತರು. ಆ ವಯಸ್ಸಿನಲ್ಲಿ ಅಳು ಸರಿಯಾಗಿ ಬರುವುದೂ ಇಲ್ಲ. ದಾವಲಬಿ ತನ್ನ ಪಟ್ಟಿ ಕಟ್ಟಿದ ಕೈಯನ್ನು ಅವರ ಬೆನ್ನಿನ ಮೇಲಿಟ್ಟಳು. ಜೈತುನ ಏಳುತ್ತಾಳೋ ಇಲ್ಲವೋ ಎಂದು ಅವಳು ಮತ್ತೆ ಕೇಳಲಿಲ್ಲ, ಅವರೂ ಮತ್ತೆ ಹೇಳಲಿಲ್ಲ.

ನಾನು ತಿರುಗಿ ನೋಡಿದೆ. ಹೆಂಗಸರು, ಗಂಡಸರು, ಮುದುಕರು, ಕೊರಳಲ್ಲಿ ತಾಯಿತ ಇದ್ದವರೆಲ್ಲ ಅದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಒಬ್ಬರೂ ಮುಚ್ಚಳ ತೆಗೆಯಲಿಲ್ಲ.

ಈಗಲೂ ನಮ್ಮೂರಲ್ಲಿ ಬೆಂಕಿ ಒಮ್ಮೊಮ್ಮೆ ಸುಡುವುದಿಲ್ಲ. ನಸುಕಿನಲ್ಲಿ ಬಾಗಿಲಿಗೆ ಬರುವವರು ಕಡಿಮೆಯಾಗಿದ್ದಾರೆ. ದಾವಲಬಿ ಗಂಡನಿಗೆ ಬಡಿಸುತ್ತಾಳೆ, ಅವನು ತಲೆಯೆತ್ತದೆ ಉಣ್ಣುತ್ತಾನೆ, ಉಣ್ಣುತ್ತಾನೆ ಎನ್ನುವುದೇ ಸಮಾಧಾನ. ಕೆಂಡದ ಆಟಿಕೆ ಮಾತ್ರ ಯಾರೂ ಕೊಡುವುದಿಲ್ಲ. ಬಿಡುಗಡೆಗೆ ಕೂರಿಸುವವರೂ ಇಲ್ಲ, ಖಾಜಿ ಅಜ್ಜಾರು ಆಮೇಲೆ ದೀಪ ಹಚ್ಚಲಿಲ್ಲ. ನನ್ನ ಕೊರಳಲ್ಲೂ ಒಂದು ತಾಯಿತ ಇದೆ. ಯಾಕೆ ಅಂತ ಕೇಳಬೇಡಿ, ಹೇಳುವುದಿಲ್ಲ. ದಾವಲಬಿ ಒಮ್ಮೆ ಅದರ ಕಡೆ ನೋಡಿ, "ಅಕ್ಕಾ, ಕೊಡು, ಪಟಿಕದ್ದೋ ಅಲ್ಲೋ ಮುಟ್ಟಿ ಹೇಳ್ತೇನಿ" ಎಂದಳು. ಅವಳ ಬೆರಳು ಮೊದಲಿನ ಹಾಗಿಲ್ಲ, ಆದರೂ ಹೇಳಬಲ್ಲಳು. ನಾನು ಸೆರಗು ಎಳೆದುಕೊಂಡು, ಒಲೆಯ ಮೇಲೆ ಸಾರು ಇದೆ ಎಂದು ಎದ್ದು ಹೋದೆ.